ಹಲಾಲ್ ಮುದ್ರೆಯೂ ಹಸಿರು ಚುಕ್ಕೆಯೂ



ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿಯೂ ನನ್ನದು ಇದೇ ಚಾಳಿಯಾಗಿತ್ತೆಂಬುದನ್ನು ನೀವು ಮರೆತಿರಲಾರಿರಿ.

1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿಕೊಂಡು ಹೋದ ನನ್ನ ವಿದ್ಯಾರ್ಥಿಯೊಬ್ಬ ಈಗ ದುಬೈಯಲ್ಲಿದ್ದಾನೆ. ಹೊರದೇಶಗಳಿಂದ ಬರುವ ಆಹಾರ ಪದಾರ್ಥಗಳ ಉಗ್ರಾಣವೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. (ಹೆಸರು ಬರೆಯುವುದು ಬೇಡವೆಂದಿದ್ದಾನೆ, ಅವನ ಸಹಪಾಠಿಗಳಿಗೆ ಗುರುತು ಹತ್ತದೆ ಇರದು.) ಊರಿಗೆ ಬಂದಾಗಲೆಲ್ಲ ಬೇವೂರಿನ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಒಂದು ತಾಸು ಮಾತನಾಡಿ, ಚಹಾ ಕುಡಿದು ಹೋಗುವುದು ಅವನ ಪದ್ಧತಿ. ಈ ಸಲ ನನ್ನ ಮೊಮ್ಮಗಳಿಗೆಂದು ಬಣ್ಣಬಣ್ಣದ ಜೆಲ್ಲಿ ಮಿಠಾಯಿಯ ಡಬ್ಬಿಯೊಂದನ್ನು ತಂದಿದ್ದ. ಕೂಸು ತಾನು ತಿಂದು "ಅಜ್ಜಾ, ನೀನೂ ತಗೊ" ಎಂದು ನನ್ನ ಬಾಯಿಗೂ ಎರಡು ಹಾಕಿತು. ರುಚಿಯಾಗಿಯೇ ಇತ್ತು. ಅಚ್ಚಾದದ್ದು ಕಣ್ಣಿಗೆ ಬಿದ್ದರೆ ಓದದೆ ಬಿಡಲಾರದ ಜೀವ ನನ್ನದು. ಕನ್ನಡಕ ಏರಿಸಿಕೊಂಡು ಡಬ್ಬಿಯ ಬೆನ್ನನ್ನು ಓದತೊಡಗಿದೆ. ಒಂದು ಮೂಲೆಯಲ್ಲಿ ದುಂಡನೆಯ ಹಲಾಲ್ ಮುದ್ರೆ. ಅದರ ಪಕ್ಕದ ಸಣ್ಣ ಅಕ್ಷರಗಳಲ್ಲಿ ಸಕ್ಕರೆ, ಗ್ಲೂಕೋಸ್ ಪಾಕ, ಮೂರನೆಯದಾಗಿ ಬೀಫ್ ಜೆಲಟಿನ್.

ನಮ್ಮದು ತಲೆಮಾರುಗಳಿಂದ ಮಾಂಸ ಮುಟ್ಟದ ಮನೆತನ. ನಾನು ಏನೂ ಆಡದೆ ಡಬ್ಬಿಯನ್ನು ಕೆಳಗಿಟ್ಟೆನಾದರೂ ನನ್ನ ಮುಖ ನೋಡಿ ಅವನಿಗೆ ಅನುಮಾನ ಬಂದಿತು. ತಾನೂ ಓದಿದ. ಅವನ ಮುಖ ಬಿಳಿಚಿಕೊಂಡಿತು.

"ಸರ್, ತಪ್ಪಾತ್ರಿ. ಹಲಾಲ್ ಐತಿ ಅಂತ ನೋಡಿದ್ನಿ. ಮಿಠಾಯಿ ಅಲ್ಲಾ, ಇದ್ರಾಗ ಏನಿರತೈತಿ ಅಂತ ಮುಂದ ಓದಲಿಲ್ರಿ."

"ಇರಲಿ ಬಿಡು ತಮ್ಮಾ. ಗೊತ್ತಿಲ್ದ ತಿಂದದ್ದಕ್ಕ ಏನೂ ಆಗೂದಿಲ್ಲ" ಎಂದೆ. ಹೇಳಿದ್ದು ಸುಲಭ, ಅಂದು ರಾತ್ರಿ ಊಟ ಸೇರಲಿಲ್ಲ. ನನಗಿಂತ ಹೆಚ್ಚು ನೊಂದವನು ಅವನು.

ಆ ಮುದ್ರೆ ಸುಳ್ಳು ಹೇಳಿರಲಿಲ್ಲವೆಂಬುದನ್ನು ಗಮನಿಸಬೇಕು. ಹಂದಿಯದಲ್ಲ, ವಿಧಿಪೂರ್ವಕವಾಗಿ ಕೊಯ್ದ ಪ್ರಾಣಿಯದು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಅದು ಅವನ ಪ್ರಶ್ನೆಗೆ ಉತ್ತರ. ನನ್ನ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ದೇಶದ ಹಸಿರು ಚುಕ್ಕೆ. ಕೈಚೀಲದಲ್ಲಿ ಬಂದ ಆ ಡಬ್ಬಿಯ ಮೇಲೆ ಅದು ಇರಲಿಲ್ಲ. ಈ ಪ್ರಸಂಗವಾದ ಮೇಲೆ, ಹೊರದೇಶದ ಆಹಾರಕ್ಕೆ ಹಲಾಲ್ ಪ್ರಮಾಣಪತ್ರ ಕೇಳುವ ಕ್ರಮದ ಬಗ್ಗೆ ಬಹಳ ದಿನ ವಿಚಾರ ಮಾಡಿದೆ. ನಮ್ಮಲ್ಲಿ ಕೆಲವರು ಇದನ್ನು ಹಾಸ್ಯ ಮಾಡುತ್ತಾರೆ, ಕೆಲವರು ಭಯಪಡುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನನಗನ್ನಿಸಿದ್ದನ್ನು ಬರೆಯುತ್ತೇನೆ. ಒಪ್ಪದವರು ಎಂದಿನಂತೆ ಫೋನ್ ಮಾಡಿ ಜಗಳವಾಡಬಹುದು.

ಮೊದಲು ಆ ಶಬ್ದದ ವಿಚಾರ. ಹಲಾಲ್ ಎಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ನಿಜಾಮರ ಆಳಿಕೆಯಲ್ಲಿದ್ದ ನಾಡು ನಮ್ಮದು. ಅರಬ್ಬಿ, ಪಾರಸಿ ಶಬ್ದಗಳು ನಮ್ಮ ಹೊಲ-ಮನೆಗಳ ಮಾತಿನಲ್ಲಿ ಬೆರೆತುಹೋಗಿವೆ. "ಹರಾಮದ ರೊಕ್ಕ ದಕ್ಕೂದಿಲ್ಲ" ಎಂದು ನನ್ನ ತಾಯಿ ಹೇಳುತ್ತಿದ್ದರು. ಆ ಮಾತು ಯಾವ ಧರ್ಮದ್ದೆಂದು ಅವರು ಕೇಳಿದವರಲ್ಲ. ನಾನು ಹುಡುಗನಾಗಿದ್ದಾಗ ಮಾಂಸ ತಿನ್ನುವ ಹಿಂದೂಗಳ ಮನೆಯಲ್ಲಿ ಕುರಿ ಕೊಯ್ಯಬೇಕಾದರೂ ಊರ ಮುಲ್ಲಾನನ್ನು ಕರೆಯುವ ರೂಢಿ ನಮ್ಮ ಕಡೆ ಇತ್ತು. ಅವನು ಬಂದು, ತನ್ನ ದೇವರ ಹೆಸರು ಹೇಳಿ ಕೊಯ್ದು, ತನ್ನ ಪಾಲು ತೆಗೆದುಕೊಂಡು ಹೋಗುತ್ತಿದ್ದ. ಬಡಿಗ ಬಂದು ಕೂರಿಗೆ ಸರಿಪಡಿಸಿ ಕಾಳು ಒಯ್ದಂತೆ ಇದೂ ಊರಿನ ಒಂದು ಕೆಲಸ. ಅಂದು ಯಾವ ಕಾಗದವೂ ಬೇಕಿರಲಿಲ್ಲ. ಕೊಯ್ಯುವವನ ಮುಖ ಎಲ್ಲರಿಗೂ ಗೊತ್ತಿತ್ತು. ಕುರಿ ಯಾರ ಹಟ್ಟಿಯದೆಂಬುದೂ ಗೊತ್ತಿತ್ತು.

ಮುಖ ಕಾಣದಷ್ಟು ದೂರದಿಂದ ಆಹಾರ ಬರತೊಡಗಿದಾಗ ಕಾಗದ ಬೇಕಾಯಿತು. ಪ್ರಮಾಣಪತ್ರದ ಮೂಲ ಇಷ್ಟೇ ಎಂದು ನಾನು ತಿಳಿದಿದ್ದೇನೆ.

ಬರಿಯ ಮಾಂಸದ ಮಾತಾಗಿದ್ದರೆ ಇಷ್ಟು ಕಾಗದಪತ್ರದ ಅಗತ್ಯ ಬೀಳುತ್ತಿರಲಿಲ್ಲ. ವಿಜ್ಞಾನ ಕಲಿಸಿದವನಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ ಮತ್ತು ಎಲುಬನ್ನು ಸಂಸ್ಕರಿಸಿ ಪಡೆಯುವ ಪ್ರೋಟೀನ್. ಯುರೋಪಿನಲ್ಲಿ ಬಹುಪಾಲು ಹಂದಿಯ ಚರ್ಮದಿಂದ ತೆಗೆಯುತ್ತಾರೆ. ಚೀಸ್ ಮಾಡಲು ಹಾಲು ಒಡೆಸುವ ರೆನ್ನೆಟ್ ಮೂಲತಃ ಎಳೆಗರುವಿನ ಹೊಟ್ಟೆಯದು. ಈಗ ಸೂಕ್ಷ್ಮಾಣುಗಳಿಂದಲೂ ಪಡೆಯುತ್ತಾರೆ. ಬಿಸ್ಕೀಟು, ಬ್ರೆಡ್ಡುಗಳಲ್ಲಿ ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡುವ 471 ಎಂಬ ಅಂಕಿಯ ಪದಾರ್ಥ ಸಸ್ಯದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಅಂಕಿ ನೋಡಿ ತಿಳಿಯುವಂತಿಲ್ಲ. 120 ಎಂಬ ಕೆಂಪು ಬಣ್ಣ ಒಂದು ಬಗೆಯ ಹುಳುವನ್ನು ಒಣಗಿಸಿ ತೆಗೆದದ್ದು. ತಿನ್ನುವವನ ಕಣ್ಣು, ಮೂಗು, ನಾಲಿಗೆ ಇವುಗಳಲ್ಲಿ ಒಂದನ್ನೂ ಪತ್ತೆ ಮಾಡಲಾರವು. ಮಾಡಿದವನು ಹೇಳಬೇಕು, ಇಲ್ಲವೆ ಅವನ ಕಾರ್ಖಾನೆಯೊಳಗೆ ಹೋಗಿ ನೋಡಿದವನು ಹೇಳಬೇಕು.

2001ರ ಆರಂಭದಲ್ಲಿ ಇಂಡೋನೇಷ್ಯದಲ್ಲಿ ನಡೆದದ್ದನ್ನು ನೋಡಿರಿ. ನಮ್ಮೂರ ಗೋಬಿ ಮಂಚೂರಿ ಗಾಡಿಯವರೆಗೂ ಬಂದು ತಲುಪಿದ ಅಜಿನೊಮೊಟೊ ಎಂಬ ರುಚಿಪುಡಿಯನ್ನು ಸೂಕ್ಷ್ಮಾಣುಗಳನ್ನು ಬೆಳೆಸಿ ತಯಾರಿಸುತ್ತಾರೆ. ಆ ಸೂಕ್ಷ್ಮಾಣುಗಳಿಗೆ ಉಣಿಸುವ ಪದಾರ್ಥವನ್ನು ಸಿದ್ಧಪಡಿಸಲು ಹಂದಿಯಿಂದ ಪಡೆದ ಕಿಣ್ವವನ್ನು ಬಳಸಿದ್ದು ಅಲ್ಲಿ ಬಯಲಾಯಿತು. ಕೊನೆಯ ಪುಡಿಯಲ್ಲಿ ಹಂದಿಯ ಅಂಶವೇ ಇಲ್ಲವೆಂದು ಕಂಪನಿ ಹೇಳಿತು. ಉಲೇಮಾಗಳ ಮಂಡಳಿ ಒಪ್ಪಲಿಲ್ಲ. ಸ್ವತಃ ಧರ್ಮಪಂಡಿತರಾಗಿದ್ದ ಅಂದಿನ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಅವರು ಅದನ್ನು ತಿನ್ನಬಹುದೆಂದರು. ಆದರೂ ಸಾವಿರಾರು ಟನ್ ಸರಕನ್ನು ಅಂಗಡಿಗಳಿಂದ ಹಿಂತೆಗೆದುಕೊಳ್ಳಬೇಕಾಯಿತು. ಅಧ್ಯಕ್ಷರ ಮಾತಿಗೂ ಒಪ್ಪದ ಜನರ ಮನಸ್ಸನ್ನು ಮೂಢತನವೆಂದು ತಳ್ಳಿಹಾಕುವವರಿಗೆ ನಮ್ಮದೇ ದೇಶದ 1983ನೆಯ ಇಸವಿಯನ್ನು ನೆನಪಿಸುತ್ತೇನೆ.

ಆಗ ನಾನು ಬಿ.ಎಡ್. ಓದುತ್ತಿದ್ದೆ. ಸಾಬೂನು ತಯಾರಿಕೆಗೆಂದು ಹೊರದೇಶದಿಂದ ತರಿಸುತ್ತಿದ್ದ ದನದ ಕೊಬ್ಬನ್ನು ವನಸ್ಪತಿಯಲ್ಲಿ ಬೆರೆಸುತ್ತಿದ್ದಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು, ಸಂಸತ್ತಿನಲ್ಲಿ ಗದ್ದಲವಾಯಿತು, ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಅದರ ಆಮದನ್ನೇ ನಿಷೇಧಿಸಿತು. ನಮ್ಮ ವಸತಿನಿಲಯದಲ್ಲಿ ಎರಡು ದಿನ ಯಾರೂ ಪಲ್ಯ ಮುಟ್ಟಲಿಲ್ಲ. ಅಡುಗೆಯವನು ಡಾಲ್ಡಾದ ಡಬ್ಬಿಯನ್ನು ಹೊರಗೊಯ್ದು ಬರಿದು ಮಾಡಿ, ಗಾಣದ ಎಣ್ಣೆ ತಂದು ತೋರಿಸಿದ ಮೇಲೆಯೇ ಪಂಕ್ತಿಯಲ್ಲಿ ಜನ ಕುಳಿತದ್ದು. ರಸಾಯನಶಾಸ್ತ್ರದ ಪದವಿ ಪಡೆದಿದ್ದ ನಾನೂ ಆ ಎರಡು ದಿನ ಮೊಸರನ್ನ ಉಂಡವನೇ. ಕೊಬ್ಬು ಕೊಬ್ಬೇ, ಅಣುರಚನೆಯಲ್ಲಿ ಏನು ಮಹಾ ವ್ಯತ್ಯಾಸ ಎಂದು ಯಾರಾದರೂ ಅಂದು ನನಗೆ ಹೇಳಿದ್ದರೆ ಅವರ ಮುಖ ನೋಡುತ್ತಿರಲಿಲ್ಲ.

ಆದ್ದರಿಂದ ಮಲೇಷ್ಯ, ಇಂಡೋನೇಷ್ಯ, ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನಗಳು ತಮ್ಮ ಬಂದರಿಗೆ ಬರುವ ಆಹಾರಕ್ಕೆ ಪ್ರಮಾಣಪತ್ರ ಕೇಳುವುದು ನನಗೆ ವಿಚಿತ್ರವೆನ್ನಿಸುವುದಿಲ್ಲ. ಒಂದೊಂದು ದೇಶದ ಕ್ರಮ ಒಂದೊಂದು. ಮಲೇಷ್ಯಕ್ಕೆ ಮಾಂಸ ಕಳಿಸಬೇಕಾದರೆ ಅಲ್ಲಿಯ ಪಶುವೈದ್ಯ ಇಲಾಖೆಯೂ ಜಾಕಿಮ್ ಎಂಬ ಇಸ್ಲಾಮಿಕ್ ಅಭಿವೃದ್ಧಿ ಇಲಾಖೆಯೂ ಆ ಕಸಾಯಿಖಾನೆಗೆ ಒಪ್ಪಿಗೆ ಕೊಟ್ಟಿರಬೇಕು. ಇಂಡೋನೇಷ್ಯ 2014ರಲ್ಲಿ 33ನೆಯ ಸಂಖ್ಯೆಯ ಕಾಯ್ದೆ ಮಾಡಿ, ಮಾಂಸಕ್ಕಷ್ಟೇ ಅಲ್ಲದೆ ಎಲ್ಲ ಆಹಾರ ಪಾನೀಯಗಳಿಗೂ ಪ್ರಮಾಣಪತ್ರವನ್ನು ಹಂತಹಂತವಾಗಿ ಕಡ್ಡಾಯಗೊಳಿಸಹೊರಟಿತು. ಹೊರಗಿನಿಂದ ಬರುವ ಪದಾರ್ಥಗಳಿಗೆ ಇದ್ದ ಗಡುವನ್ನು 2024ರಲ್ಲಿ ಮುಂದೂಡಿ 2026ರ ಅಕ್ಟೋಬರ್ 17ಕ್ಕೆ ನಿಲ್ಲಿಸಿತು. ಆ ಕಾಯ್ದೆಯಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವುಂಟು. ಹಲಾಲ್ ಅಲ್ಲದ್ದನ್ನು ಅದು ನಿಷೇಧಿಸುವುದಿಲ್ಲ; ಹಲಾಲ್ ಅಲ್ಲವೆಂದು ಸ್ಪಷ್ಟವಾಗಿ ಬರೆದು ಮಾರಿರಿ ಎನ್ನುತ್ತದೆ. ತಿನ್ನುವವರು ತಿನ್ನಲಿ, ಬೇಡದವರು ಅರಿಯದೆ ತಿನ್ನುವಂತಾಗದಿರಲಿ. ನಮ್ಮ ಹಸಿರು-ಕಂದು ಗುರುತಿನ ನ್ಯಾಯವೂ ಇದೇ ಅಲ್ಲವೇ?

ನಮ್ಮ ಗುರುತಿನ ಮಾತು ಬಂದಿತು. ಪೊಟ್ಟಣದ ಆಹಾರದ ಮೇಲೆ ಶಾಕಾಹಾರ, ಮಾಂಸಾಹಾರಗಳ ಗುರುತು ಇರಲೇಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದು 2001ರಲ್ಲಿ. ಬಣ್ಣಗುರುಡು ಇದ್ದವರಿಗೆ ಹಸಿರು, ಕಂದು ಎರಡೂ ಒಂದೇ ಆಗಿ ಕಾಣುತ್ತವೆಂದು 2020ರ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನವಾಗಿ ಬದಲಿಸಿದರು. ಹೊರದೇಶದ ಪದಾರ್ಥಕ್ಕೂ ಈ ಗುರುತು ಕಡ್ಡಾಯ. ಬಂದರಿನ ಸುಂಕದ ಉಗ್ರಾಣದಲ್ಲಿಯೇ ಚೀಟಿ ಅಂಟಿಸಿ ಒಳಬಿಡುತ್ತಾರೆ. ಸ್ವಿಟ್ಜರ್ಲೆಂಡಿನ ಚಾಕೊಲೇಟಿನ ಮೇಲೆ ಆ ಪುಟ್ಟ ಚೀಟಿಯನ್ನು ನೀವು ನೋಡಿರಬಹುದು.

ಹಾಲಿನ ವಿಷಯದಲ್ಲಿ ನಾವು ಇನ್ನೂ ಮುಂದೆ ಹೋಗಿದ್ದೇವೆ. ಹೊರದೇಶದಿಂದ ಹಾಲಿನ ಪದಾರ್ಥ ನಮ್ಮಲ್ಲಿಗೆ ಬರಬೇಕಾದರೆ, ಆ ಹಾಲು ಕೊಟ್ಟ ಹಸುವಿಗೆ ಎಂದೂ ಪ್ರಾಣಿಗಳ ಒಳಾಂಗ, ರಕ್ತದ ಪುಡಿ, ಮಾಂಸದ ಅಂಶವಿರುವ ಮೇವನ್ನು ತಿನ್ನಿಸಿಲ್ಲವೆಂದು ಕಳಿಸುವ ದೇಶವೇ ಪ್ರಮಾಣೀಕರಿಸಬೇಕು. ಇದಕ್ಕೆ ಆರೋಗ್ಯದ ಆಧಾರವಿಲ್ಲ, ವ್ಯಾಪಾರಕ್ಕೆ ಅಡ್ಡಿ ಎಂದು ಅಮೆರಿಕದವರು ವರ್ಷವರ್ಷವೂ ದೂರುತ್ತಾರೆ. 2025ರ ವಾಣಿಜ್ಯ ಮಾತುಕತೆಗಳ ಕಾಲದಲ್ಲಿಯೂ ಇದು ಬಗೆಹರಿಯದ ಗಂಟಾಗಿತ್ತು. ನನ್ನ ಮಟ್ಟಿಗೆ ನಾವು ಕೇಳುವುದು ಸರಿ. ರಕ್ತ ತಿಂದ ಹಸುವಿನ ತುಪ್ಪವನ್ನು ದೇವರ ದೀಪಕ್ಕೆ ಹಾಕಲು ನನ್ನ ಮಡದಿ ಒಪ್ಪುವವಳಲ್ಲ. ಅವಳಿಗೆ ವಿಜ್ಞಾನದ ವರದಿ ತೋರಿಸಿ ಪ್ರಯೋಜನವಿಲ್ಲ. ಆದರೆ ಇದನ್ನು ಕೇಳುವ ನಾವು, ಇಂಡೋನೇಷ್ಯದ ಗೃಹಿಣಿ ತನ್ನ ಪ್ರಶ್ನೆಯನ್ನು ಕೇಳಿದಾಗ ನಗಬಹುದೇ? 2024ರ ಸೆಪ್ಟೆಂಬರಿನಲ್ಲಿ ತಿರುಪತಿ ಲಾಡಿನ ತುಪ್ಪದ ಬಗ್ಗೆ ಗುಲ್ಲೆದ್ದಾಗ, ನಮ್ಮ ಮುಜರಾಯಿ ಇಲಾಖೆ ತನ್ನ ಅಧೀನದ ದೇವಾಲಯಗಳಲ್ಲಿ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಸುತ್ತೋಲೆ ಹೊರಡಿಸಿತು. ಅದೂ ಒಂದು ಮುದ್ರೆಯೇ.

(ಇಲ್ಲಿ ನನ್ನದೇ ಒಂದು ಹುಳುಕನ್ನು ಒಪ್ಪಿಕೊಳ್ಳಬೇಕು. ನಾನು ದಿನಾಲೂ ರಾತ್ರಿ ನುಂಗುವ ಕ್ಯಾಪ್ಸೂಲಿನ ಹೊದಿಕೆಯೂ ಜೆಲಟಿನ್ನಿನದೇ. ಔಷಧಿಗೆ ಹಸಿರು ಚುಕ್ಕೆಯ ನಿಯಮವಿಲ್ಲ. ನಾನೂ ಈವರೆಗೆ ವೈದ್ಯರನ್ನು ಕೇಳಿದವನಲ್ಲ. ಜೀವದ ಆಸೆ!)

ಇನ್ನು ಮಾರುವವರ ಕಡೆಯಿಂದ ನೋಡೋಣ. ನಮ್ಮ ದೇಶ ಎಮ್ಮೆಯ ಮಾಂಸವನ್ನು ದೊಡ್ಡ ಪ್ರಮಾಣದಲ್ಲಿ ಹೊರಗೆ ಕಳಿಸುತ್ತದೆ. ಕೊಳ್ಳುವವರಲ್ಲಿ ಬಹಳಷ್ಟು ಮುಸ್ಲಿಂ ದೇಶಗಳು. ಬಹುಕಾಲ ಈ ಪ್ರಮಾಣಪತ್ರವನ್ನು ಖಾಸಗಿ ಸಂಸ್ಥೆಗಳೇ ಕೊಡುತ್ತಿದ್ದವು, ಅವುಗಳ ಮೇಲೆ ಸರ್ಕಾರದ ಕಣ್ಣು ಇರಲಿಲ್ಲ. ಈ ಬಗ್ಗೆ ಎದ್ದ ಆಕ್ಷೇಪಣೆಗಳಲ್ಲಿ ಹುರುಳಿತ್ತೆಂದೇ ನನ್ನ ಅಭಿಪ್ರಾಯ. ಹಣ ಪಡೆದು ಪ್ರಮಾಣಪತ್ರ ಕೊಡುವವನನ್ನು ಪರೀಕ್ಷಿಸುವವನೊಬ್ಬ ಇರಲೇಬೇಕು. ಪರೀಕ್ಷೆಯ ಮೇಲ್ವಿಚಾರಕನ ಮೇಲೂ ಒಬ್ಬ ಜಾಗೃತದಳದವನಿರುವುದನ್ನು ನಾವು ಶಿಕ್ಷಕರು ಬಲ್ಲೆವು. 2023ರ ಏಪ್ರಿಲ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು, ಮಾಂಸ ಮತ್ತು ಮಾಂಸೋತ್ಪನ್ನಗಳನ್ನು ಹಲಾಲ್ ಎಂದು ಹೇಳಿ ಕಳಿಸಬೇಕಾದರೆ ಭಾರತೀಯ ಗುಣಮಟ್ಟ ಮಂಡಳಿಯ ಯೋಜನೆಯಂತೆ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವಿರಬೇಕೆಂದು ನಿಯಮ ಮಾಡಿತು. 2024ರ ಅಕ್ಟೋಬರ್ 16ರಿಂದ ಸೌದಿ ಅರೇಬಿಯ, ಮಲೇಷ್ಯ, ಇಂಡೋನೇಷ್ಯ, ಸಿಂಗಪುರ ಸೇರಿ 15 ದೇಶಗಳಿಗೆ ಕಳಿಸುವ ಸರಕಿಗೆ ಇದು ಜಾರಿಗೆ ಬಂದಿತು. ಇದು ಒಳ್ಳೆಯ ಕೆಲಸ. ಧರ್ಮದ ನಿರ್ಣಯವನ್ನು ಧರ್ಮ ಬಲ್ಲವರೇ ಮಾಡಲಿ. ಆ ಸಂಸ್ಥೆ ಲೆಕ್ಕಪತ್ರ ಸರಿಯಾಗಿ ಇಟ್ಟಿದೆಯೇ, ನಿಜವಾಗಿ ಹೋಗಿ ನೋಡಿದೆಯೇ ಎಂಬುದನ್ನು ಸರ್ಕಾರ ನೋಡಲಿ.

ಮಾಂಸಕ್ಕೆ ಸಂಬಂಧವೇ ಇಲ್ಲದ ರೈತನಿಗೂ ಈ ವಿಷಯ ತಟ್ಟುತ್ತದೆ. ನಮ್ಮ ರಾಜ್ಯದಲ್ಲಿ ಕಂಪನಿಗಳ ಕರಾರಿನ ಮೇಲೆ ಬೆಳೆಯುವ ಮಿಡಿಸೌತೆ ನಿಮಗೆ ಗೊತ್ತು. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು ಸೇರಿ ಸುಮಾರು 90 ಸಾವಿರ ಸಣ್ಣ ರೈತರು ಸುಮಾರು 65 ಸಾವಿರ ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆಂದು 2022ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಪ್ರಕಟಿಸಿತ್ತು. 2020-21ರಲ್ಲಿ ಹೊರಹೋದದ್ದು 2 ಲಕ್ಷ 23 ಸಾವಿರ ಟನ್ನಿಗೂ ಮೇಲೆ. ಬಳ್ಳಿಯಲ್ಲಿ ಬಿಟ್ಟ ಕಾಯಿಗೆ ಹಲಾಲ್ ಏನು, ಹರಾಮ್ ಏನು ಎನ್ನುವಿರಿ. ಕಾಯಿಗೆ ಏನೂ ಇಲ್ಲ. ಆದರೆ ಅದನ್ನು ನೆನೆಹಾಕುವ ವಿನೆಗರ್ ಮದ್ಯಸಾರದಿಂದ ಆದದ್ದು, ಜಾಡಿಗೆ ಹಾಕುವ ಮಸಾಲೆಯಲ್ಲಿ ಏನಿದೆಯೋ ಬಲ್ಲವರಾರು ಎಂದು ಕೊಳ್ಳುವವನು ಕೇಳುತ್ತಾನೆ. ಯಹೂದ್ಯರಿಗೆ ಮಾರಬೇಕಾದರೆ ಕೋಷರ್ ಎಂಬ ಅವರ ಮುದ್ರೆಯೂ ಬೇಕು. ಅದರ ಬಗ್ಗೆ ನಮ್ಮಲ್ಲಿ ಯಾರೂ ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಒಂದೊಂದು ದೇಶಕ್ಕೆ ಒಂದೊಂದು ಪ್ರಮಾಣಪತ್ರ, ಪ್ರತಿಯೊಂದಕ್ಕೂ ಶುಲ್ಕ, ಆಗಾಗ ತಪಾಸಣೆ. ದೊಡ್ಡ ಕಂಪನಿಗೆ ಇದು ಕಡಲೆಕಾಯಿ ತಿಂದಂತೆ. ಹತ್ತು ಹೆಣ್ಣುಮಕ್ಕಳು ಸೇರಿ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ ಮಾಡುವ ಸ್ವಸಹಾಯ ಸಂಘದವರು ಈ ಮೆಟ್ಟಿಲು ಹತ್ತಲಾರರು. ಸಿಕ್ಕಸಿಕ್ಕದ್ದರ ಮೇಲೆಲ್ಲ ಮುದ್ರೆ ಒತ್ತುವ ಚಟವೂ ಬೆಳೆದಿದೆ. ಅನುಮಾನಕ್ಕೆ ಎಡೆಯೇ ಇಲ್ಲದ ಅಕ್ಕಿ, ಬೇಳೆ, ಸಕ್ಕರೆಗೂ ಮುದ್ರೆ ಬೇಕೆಂದರೆ ಅದು ಭಕ್ತಿಯ ವಿಷಯವಾಗಿ ಉಳಿಯುವುದಿಲ್ಲ, ಹೆದರಿಕೆಯ ವ್ಯಾಪಾರವಾಗುತ್ತದೆ. ನಮ್ಮ ಗಂಗಾವತಿಯ ಸೋನಾ ಮಸೂರಿಗೆ ತುಂಗಭದ್ರೆಯ ನೀರು ಹರಿದದ್ದೇ ಸಾಕ್ಷಿ.

2022ರ ಮಾತನ್ನು ಆಡದೆ ಇದನ್ನು ಮುಗಿಸುವುದು ಹೇಡಿತನವಾದೀತು. ಆ ವರ್ಷ ಯುಗಾದಿಯ ಹೊತ್ತಿಗೆ, ಹಳೇ ಮೈಸೂರು ಸೀಮೆಯಲ್ಲಿ ಹಬ್ಬದ ಮರುದಿನ ಮಾಡುವ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿರೆಂಬ ಕರೆ ನಮ್ಮ ರಾಜ್ಯದಲ್ಲಿ ಎದ್ದಿತು. ಹಲಾಲ್ ಬೇಡವೆನ್ನುವವರಿಗೂ ಹಾಗೆನ್ನುವ ಹಕ್ಕಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಖ್ಖರ ಆಚಾರಸಂಹಿತೆಯೇ ಅಂಥ ಮಾಂಸವನ್ನು ನಿಷೇಧಿಸುತ್ತದೆ. ಯಾರಾದರೂ ಜಟ್ಕಾ ಬೇಕೆಂದರೆ ಅವರಿಗೂ ಗುರುತು ಸಿಗಲಿ, ಅಂಗಡಿ ಸಿಗಲಿ. ನನ್ನ ಹಸಿರು ಚುಕ್ಕೆಗೆ ಯಾವ ನ್ಯಾಯವೋ ಅವರ ಗುರುತಿಗೂ ಅದೇ ನ್ಯಾಯ.

ಆದರೆ ಅಂದು ಏಟು ಬಿದ್ದದ್ದು ಯಾರಿಗೆ? ಪ್ರಮಾಣಪತ್ರ ಮಾರುವ ಸಂಸ್ಥೆಗಳಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಊರ ಸಂತೆಯ ಮೂಲೆಯಲ್ಲಿ ತಟ್ಟು ಕಟ್ಟಿಕೊಂಡು ಎರಡು ಕುರಿ ಮಾರುವವನು ನಮ್ಮೆದುರಿಗೆ ಕುಳಿತಿದ್ದ. ಅವನ ಬಳಿ ಪ್ರಮಾಣಪತ್ರವೇ ಇರಲಿಲ್ಲ. ಎಂದೂ ಇದ್ದದ್ದಿಲ್ಲ, ಯಾರೂ ಕೇಳಿದ್ದಿಲ್ಲ. ಕುರಿ ಸಾಕುವವರು ಹಾಲುಮತದವರು, ಕೊಯ್ಯುವವನು ಮುಸಲ್ಮಾನ, ತಿನ್ನುವವರು ಊರ ಹತ್ತು ಜಾತಿಯವರು. ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುವವರೂ ಇವರೇ, ಮನೆಮನೆಯ ಚೊಂಗೆ ಹಂಚಿಕೊಂಡು ತಿನ್ನುವವರೂ ಇವರೇ. ಸಮುದ್ರದಾಚೆಯಿಂದ ಬರುವ ಡಬ್ಬಿಯ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ಐವತ್ತು ವರ್ಷ ಮುಖ ನೋಡಿದವನಿಗೆ ಕೇಳಿದರೆ ಅದು ಆಹಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. "ನೀನು ಯಾರು" ಎಂದು ಕೇಳಿದಂತಾಗುತ್ತದೆ. ಮಾಂಸ ತಿನ್ನದ ನನಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೂ ಅಂದಿನ ವಾರಗಳಲ್ಲಿ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು, ಒಂದೇ ಬೆಂಚಿನಲ್ಲಿ ಕುಳಿತು ಓದಿದವರು, ಮೊಬೈಲಿನಲ್ಲಿ ಪರಸ್ಪರ ಕಳಿಸಿಕೊಂಡ ಮಾತುಗಳನ್ನು ನಾನು ಓದಿದ್ದೇನೆ. ಯಾರು ಏನು ಬರೆದಿರೆಂಬುದು ನಿಮಗೆ ಗೊತ್ತಿದೆ. ನಾನು ಅದನ್ನು ಇಲ್ಲಿ ಎತ್ತುವುದಿಲ್ಲ, ಆದರೆ ಮರೆತಿಲ್ಲ.

ದುಬೈಯ ಹುಡುಗನ ಮಾತಿಗೆ ಮರಳುತ್ತೇನೆ. ಹುಡುಗನೆನ್ನುತ್ತೇನೆ, ಅವನ ತಲೆಗೂದಲೂ ನೆರೆತಿದೆ. ಕಳೆದ ತಿಂಗಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. ಹಿಂದೆ ಅಂಗಡಿಯ ಗದ್ದಲ.

"ಸರ್, ಅಂಗಡ್ಯಾಗ ನಿಂತೀನ್ರಿ. ಕೂಸಿಗೆ ಅಂಥಾದ ಮಿಠಾಯಿ, ಬ್ಯಾರೆ ಕಂಪನೀದು. ಇದರ ಮ್ಯಾಲ ಪೆಕ್ಟಿನ್ ಅಂತ ಬರದೈತ್ರಿ. ಅಂದ್ರ ಏನ್ರಿ?"

"ಲಿಂಬಿ, ಸೇಬು ಇಂಥವುಗಳ ಸಿಪ್ಪಿಯಿಂದ ತಗೀತಾರ. ಅದು ನಡೀತೈತಿ. ಒಂಬತ್ತನೇತ್ತದಾಗ ಹೇಳಿದ್ನೆಲ್ಲೋ."

"ನೀವು ಹೇಳಿರತೀರ್ರಿ ಸರ್, ನಾ ಕೇಳಿರಂಗಿಲ್ಲ."

"ಬಣ್ಣಕ್ಕ ಏನ್ ಹಾಕ್ಯಾರ ನೋಡು. ನೂರಾ ಇಪ್ಪತ್ತು ಅಂತ ಏನರ ಐತೇನು?"

ಸ್ವಲ್ಪ ಹೊತ್ತು ಸದ್ದಿಲ್ಲ. ಸಣ್ಣ ಅಕ್ಷರ, ಅವನಿಗೂ ಈಗ ಕನ್ನಡಕ ಬೇಕಾಗಿರಬೇಕು.

"ಇಲ್ರಿ ಸರ್. ಗಜ್ಜರಿದು, ಬೀಟರೂಟಿಂದು ಅಂತ ಐತಿ."

"ಹಂಗಾರ ಎರಡ ಡಬ್ಬಿ ತಗೊಂಡ ಬಾ."